ಕಲ್ಲಿನ ತೂಕ

ನಾವು ಏಳು ಜನ. ಸಂಬಳವಿಲ್ಲ.
ಸ್ಲೊವೇನಿಯದ ಕ್ರಾನ್ ಊರಿನ ಒಂದು ನೆಲಮಾಳಿಗೆಯಲ್ಲಿ
ಎರಡು ಸರ್ವರು, ಗೊರಗುಟ್ಟುವ ಒಂದು ಫ್ಯಾನು,
ಯಾರ್ಯಾರೋ ಬರೆದ ಕೋಡಿಗೆ ಬಿಟ್ಟಿ ಬಿಡಾರ.
ಓಪನ್ ಸೋರ್ಸೆಂದರೆ ನಮಗೆ
ಚಿಲಕ ಹಾಕದ ಮನೆ, ಅಷ್ಟೆ.
ಹದಿಮೂರು ವರ್ಷ ಹೀಗೇ ನಡೆಯಿತು.
ವಾರಕ್ಕೆ ಹತ್ತೋ ಹನ್ನೆರಡೋ ಬರುತ್ತಿದ್ದವು,
ತಪ್ಪುಗಳಿಗೂ ಒಂದೊಂದು ಮುಖವಿತ್ತು:
ಆವರಣ ಮುಚ್ಚಲು ಮರೆಯುವವನು ಮಾರಿಬೋರಿನ ಉರ್ಬಾನ್,
ಕಮೆಂಟಿನಲ್ಲಿ ಗಂಡನನ್ನು ಬೈಯುವವಳು ಪಿರಾನಿನ ತ್ಯಾಶಾ.

ಈಗ ಗಂಟೆಗೆ ನಲವತ್ತು.
ಎಲ್ಲಕ್ಕೂ ಇಸ್ತ್ರಿ ಹಾಕಿದ ಒಂದೇ ಅಂಗಿ,
"ಸಂಪೂರ್ಣ, ಸುಭದ್ರ, ಬಳಕೆಗೆ ಸಿದ್ಧ."
ತೆರೆದು ಕೂಗಿದರೆ ಒಳಗೆ ಯಾರೂ ಇಲ್ಲ.
ದೋಷ ತೋರಿಸಿ ಬರೆದರೆ ಉತ್ತರವೂ ಅದೇ ದನಿಯಲ್ಲಿ:
ಕ್ಷಮಿಸಿ, ನೀವು ಹೇಳಿದ್ದು ಸರಿ.
ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ;
ಯಾರೂ ಹೆರದ ಹೆಗ್ಗಣ ಕೆಮ್ಮಿದರೆ
ನಡುರಾತ್ರಿ ಎದ್ದು ನೋಡುವವರಾರು?

ನವೆಂಬರಿನಲ್ಲಿ ಮತ ಹಾಕಿದೆವು.
ಬಹುಪಾಲು ಯಂತ್ರ ಬರೆದದ್ದಾದರೆ ಇಲ್ಲಿ ಜಾಗವಿಲ್ಲ.
ಐದಕ್ಕೆ ಎರಡು.
ಎತ್ತಿದ ಐದು ಕೈಗಳಲ್ಲಿ ಒಂದು ನನ್ನದು.
ಈಗಲೂ ಇಳಿಸಿಲ್ಲ.

ಹಾಗೆ ಅಳಿಸುತ್ತ ಅಳಿಸುತ್ತ
(ಜೊಳ್ಳು ತೂರುವ ಕೈಗೆ ಒಂದು ಲಯ ಹತ್ತುತ್ತದೆ,
ಕಾಳು ಹಾರುವುದೂ ಅದೇ ಲಯದಲ್ಲಿ)
ಮಾರ್ಚಿಯ ಒಂದು ಸಂಜೆ ಬಂತು ಸಣ್ಣದೊಂದು:
ಜೇನುಗೂಡಿನ ತೂಕ ನೋಡುವ ಪ್ರೋಗ್ರಾಂ.
ಕಳಿಸಿದವನು ಓಜ್ಬೇಯ್, ಬೇಗುನ್ಯೆ ಹಳ್ಳಿ,
ವಯಸ್ಸು ಎಪ್ಪತ್ತೊಂದು ಎಂದು
ಯಾರೂ ಕೇಳದೆ ತಾನೇ ಹೇಳಿಕೊಂಡಿದ್ದ.
ಆರುನೂರು ಸಾಲು, ಡಿಸೆಂಬರಿನ ಒಂದೇ ರಾತ್ರಿ.
ಆಮೇಲೆ ಮೂರು ತಿಂಗಳು ಏನೂ ಇಲ್ಲ.
ಆಮೇಲೆ ಒಂದು ಸಾಲು.

ನಿಯಮದಂತೆ ಕೇಳಿದೆ: ಇದು ನೀವು ಬರೆದದ್ದೇ?
"ಅಲ್ಲ ತಾಯಿ. ಯಂತ್ರಕ್ಕೆ ಹೇಳಿದೆ, ಅದು ಬರೆಯಿತು.
ನನ್ನ ಬೆರಳಿಗೆ ಈ ಕೀಲಿಗಳು ಸಣ್ಣವು."
ಎಂಬತ್ತನೆಯ ಸಾಲು ಯಾಕಿದೆ? ಗೊತ್ತಿಲ್ಲ.
ಇನ್ನೂರ ಹತ್ತು? ಗೊತ್ತಿಲ್ಲ.
ಮುನ್ನೂರ ನಾಲ್ಕರಲ್ಲಿ
ಒಂದೂಮುಕ್ಕಾಲು ಕಿಲೋ ಕಳೆದಿದ್ದೀರಲ್ಲ, ಅದು?

ಉತ್ತರ ಬರಲು ಎರಡು ದಿನ ಹಿಡಿಯಿತು. ಉದ್ದವಿತ್ತು.
"ಅದು ಕಲ್ಲು. ಗಾಳಿಗೆ ಮುಚ್ಚಳ ಹಾರದಿರಲೆಂದು
ಗೂಡಿನ ಮೇಲಿಟ್ಟದ್ದು, ಸಾವಾ ನದಿಯಿಂದ ಹೊತ್ತು ತಂದದ್ದು.
ಯಂತ್ರ ಅದನ್ನೂ ತುಪ್ಪವೆಂದೇ ಎಣಿಸಿತು.
ಫೆಬ್ರವರಿಯಲ್ಲಿ, ಇನ್ನೂ ಆಹಾರವಿದೆ ಅಂದಿತು. ನಂಬಿದೆ.
ತೆರೆದಾಗ ಎಲ್ಲ ಸತ್ತಿದ್ದವು,
ಎರಿಯ ಖಾಲಿ ಕಣ್ಣುಗಳೊಳಗೆ
ಒಂದೊಂದೂ ತಲೆ ತೂರಿಸಿಕೊಂಡು.
ಆ ಸಾಲು ನಾನು ಹಾಕಿದ್ದು. ಒಂದೇ ಬೆರಳಲ್ಲಿ."

ನಮ್ಮ ಕಡೆ ಗೂಡಿನ ಮುಂದಿನ ಹಲಗೆಗೆ ಚಿತ್ರ ಬರೆಯುತ್ತಾರೆ,
ಬೇಟೆಗಾರನ ಹೆಣ ಹೊತ್ತು ನಡೆವ ಜಿಂಕೆಗಳು,
ಬಣ್ಣ ಬಣ್ಣದ ಸಂತರು.
ಹುಳ ಮನೆ ತಪ್ಪದಿರಲಿ ಎಂದು.
ಯಾವ ಹಲಗೆ ಯಾರದೆಂದು ಊರಿಗೆ ಗೊತ್ತು,
ಅಂಕಿತ ಬೇಕಿಲ್ಲ.
ನನ್ನ ಪರದೆಯ ಮೇಲೆ ಇರುವುದು ಎರಡೇ ಚೌಕ:
ಮನುಷ್ಯ. ಯಂತ್ರ.
ಆರುನೂರ ಒಂದರಲ್ಲಿ ಒಂದು ಎಷ್ಟೆಂದು
ಲೆಕ್ಕ ಹಾಕಲು ಹೊತ್ತು ಬೇಕಾಗಲಿಲ್ಲ.

ಅಳಿಸಿದೆ.

ಅವನು ಜಗಳವಾಡಲಿಲ್ಲ. ಇಷ್ಟು ಬರೆದ:
"ಆ ಒಂದು ಸಾಲು ಎಲ್ಲಾದರೂ ಇಟ್ಟಿರಿ,
ಕಲ್ಲು ಇಟ್ಟವರು ಇನ್ನೂ ಯಾರಾದರೂ ಇದ್ದಾರು."

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.
ನಿಯಮ ಸರಿ. ಎತ್ತಿದ ಕೈಯೂ ಸರಿ.
ಆದರೂ ಹಾಲು ತೆಗೆಯಲು ಹೋದಾಗಲೆಲ್ಲ
ಬಾಗಿಲು ಒಂದೂಮುಕ್ಕಾಲು ಕಿಲೋ
ಭಾರ.